ಖ್ವಾಯ್ ಕಾಡಲ್ಲಿ ವೈಲ್ಡ್ ಡಾಗ್ ಸಫಾರಿ: ಗೈಡಿಗೆ ಐದು ಸ್ಟಾರ್, ಬುಕಿಂಗ್ ಆಫೀಸಿಗೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ಕಂಪನಿ ಹೆಸರು ಹಾಕಲ್ಲ. ಸ್ವಲ್ಪ ದುಡ್ಡು ವಾಪಸ್ ಕೊಡೋ ವಿಷಯದಲ್ಲಿ ಆ ಆಫೀಸಿನ ಜೊತೆ ಇನ್ನೂ ಮೇಲ್ ಓಡಾಡ್ತಾ ಇದೆ, ಅದೂ ಅಲ್ದೆ ಹೆಸರು ಹಾಕಿದ್ರೆ ಬೈಗುಳ ಎಲ್ಲಾ ಹೋಗಿ ಬೀಳೋದು ಗೈಡ್ ತಲೆ ಮೇಲೆ, ಆ ಮನುಷ್ಯಂದು ಚೂರೂ ತಪ್ಪಿಲ್ಲ. ಬೋಟ್ಸ್ವಾನಾದ ಖ್ವಾಯ್ ಅನ್ನೋ ಕಡೆ, ಜುಲೈನಲ್ಲಿ, ಐದು ರಾತ್ರಿ ಟೆಂಟ್ ಸಫಾರಿ. ನಾನು, ಅಕ್ಕ, ಭಾವ ಮೂರು ಜನ. ತಲೆಗೆ ದಿನಕ್ಕೆ 480 ಡಾಲರ್, ಊಟ ತಿಂಡಿ ಗಾಡಿ ಗೈಡ್ ಎಲ್ಲಾ ಸೇರಿ. ಕಮ್ಮಿ ಏನಲ್ಲ, ಆದ್ರೆ ಆ ಕಡೆಯ ಲಾಡ್ಜ್‌ಗಳ ರೇಟ್ ಒಂದ್ಸಲ ನೋಡಿದ್ಮೇಲೆ ಇದೇ ವಾಸಿ ಅನ್ಸುತ್ತೆ.

ನಾನು ಹೋಗಿದ್ದೇ ಆಫ್ರಿಕನ್ ವೈಲ್ಡ್ ಡಾಗ್ ನೋಡೋಕೆ. ಭಾವ ಮಾತ್ರ ಬುಕ್ ಮಾಡೋ ದಿನದಿಂದ ಒಂದೇ ರಾಗ, "ಅಲ್ಲಪ್ಪಾ, ಸಿಂಹ ಚಿರತೆ ಬಿಟ್ಟು, ಇಷ್ಟು ದುಡ್ಡು ಸುರಿದು ಯಾರಾದ್ರೂ ನಾಯಿ ನೋಡೋಕೆ ಹೋಗ್ತಾರಾ?" ಫೋಟೋ ತೋರಿಸಿದ್ರೆ "ಇದು ಹೈನಾ ಅಲ್ವೇನೋ" ಅಂದ್ರು. ಅವರನ್ನ ಬೈಯೋ ಹಾಗೂ ಇಲ್ಲ, 1820ರಲ್ಲಿ ಟೆಮಿಂಕ್ ಅನ್ನೋ ಡಚ್ ವಿಜ್ಞಾನಿ ಮೊದಲ ಸಲ ಈ ಪ್ರಾಣಿಗೆ ಹೆಸರು ಇಟ್ಟಾಗ ಅವನೂ ಇದನ್ನ ಹೈನಾ ಜಾತಿಗೇ ಸೇರಿಸಿದ್ದ. ಆಮೇಲೆ ಬಂದ ಹೆಸರು ಲೈಕಾನ್ ಪಿಕ್ಟಸ್, ಪಿಕ್ಟಸ್ ಅಂದ್ರೆ ಬಣ್ಣ ಬಳಿದದ್ದು ಅಂತ. ನಮ್ಮಲ್ಲಿ ಸೀಳುನಾಯಿ ಅಂತೀವಲ್ಲ, ಅದೂ ಇದೂ ಒಂದೇ ಅಂದ್ಕೊಳೋರು ಬಹಳ ಜನ, ಒಂದೇ ಅಲ್ಲ, ಕುಲಾನೇ ಬೇರೆ. ಊರು ನಾಯಿ ಕಾಡು ಸೇರಿ ಹೀಗಾಗಿದ್ದೂ ಅಲ್ಲ. ಮುಂಗಾಲಲ್ಲಿ ಎಲ್ಲಾ ನಾಯಿಗಳಿಗೆ ಸ್ವಲ್ಪ ಮೇಲೆ ಇರುತ್ತಲ್ಲ ಆ ಐದನೇ ಬೆರಳು, ಅದು ಇದಕ್ಕೆ ಇಲ್ಲ, ನಾಲ್ಕೇ. ಇಡೀ ಆಫ್ರಿಕಾದಲ್ಲಿ ಉಳಿದಿರೋದು, ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಇಡೋ ಐಯುಸಿಎನ್ ಅನ್ನೋ ಸಂಸ್ಥೆ ಲೆಕ್ಕದಲ್ಲಿ, ಬೆಳೆದ ನಾಯಿಗಳು ಸುಮಾರು 6,600, ಅದರಲ್ಲೂ ಮರಿ ಹಾಕೋ ಲೆಕ್ಕಕ್ಕೆ ಬರೋವು 1,400 ಅಷ್ಟೇ. 1990ರಿಂದ ಅಳಿವಿನಂಚಿನ ಪಟ್ಟಿಯಲ್ಲೇ ಇದೆ.

ಅದಕ್ಕೇ ಆ ಕಂಪನಿ ಇಟಿನರಿಯಲ್ಲಿ "ವೈಲ್ಡ್ ಡಾಗ್ ಗ್ಯಾರಂಟಿ, ಮರಿಗಳಿರೋ ಗೂಡಿಗೆ ಭೇಟಿ" ಅಂತ ದಪ್ಪಕ್ಷರದಲ್ಲಿ ಹಾಕಿದ್ದನ್ನ ನೋಡಿ ನಾನು ಬಿದ್ದೋದೆ. ನನ್ನ ತಕರಾರು ಎಲ್ಲಾ ಆ ಒಂದು ಸಾಲಿನದ್ದೇ.

ಜೊಹಾನ್ಸ್‌ಬರ್ಗ್‌ನಿಂದ ಮಾವುನ್‌ಗೆ ಫ್ಲೈಟ್, ಅಲ್ಲಿಂದ ಗಾಡಿ. ಶೊರೋಬೆ ಅನ್ನೋ ಊರಿನವರೆಗೆ ಟಾರು, ಆಮೇಲೆ ಮಣ್ಣು, ಮರಳು, ಗುಂಡಿ. ಕಾಡೆಮ್ಮೆಗಳ ರೋಗ ದನಗಳಿಗೆ ಬರ್ಬಾರ್ದು ಅಂತ ಹಾಕಿರೋ ಬೇಲಿಯ ಗೇಟ್ ದಾಟಿದ ಮೇಲೆ ಕಾಡು ಶುರು. ನಾಲ್ಕು ತಾಸು ಹಿಡೀತು, ಅಕ್ಕನ ಸೊಂಟ ಇನ್ನೂ ಅದನ್ನ ಮರೆತಿಲ್ಲ. ಮಾವುನ್‌ನಲ್ಲೇ ಸಿಮ್ಮು, ಸ್ವಲ್ಪ ಪುಲಾ ಎರಡೂ ಮಾಡ್ಕೊಳಿ, ಮುಂದೆ ಎರಡೂ ಸಿಗಲ್ಲ. (ಪುಲಾ ಅಂದ್ರೆ ಅವರ ಭಾಷೇಲಿ ಮಳೆ ಅಂತೆ, ಒಣ ದೇಶದಲ್ಲಿ ದುಡ್ಡಿಗೆ ಮಳೆ ಅಂತ ಹೆಸರು, ನನಗೆ ತುಂಬಾ ಇಷ್ಟ ಆಯ್ತು.)

ಜಾಗದ ಆಯ್ಕೆ ಬಗ್ಗೆ ಕಂಪನಿಗೆ ಫುಲ್ ಮಾರ್ಕ್ಸ್. ಖ್ವಾಯ್ ನದಿಯ ಒಂದು ಕಡೆ ಮೊರೇಮಿ ರಿಸರ್ವ್, ಇನ್ನೊಂದು ಕಡೆ ಖ್ವಾಯ್ ಊರಿನೋರ ಟ್ರಸ್ಟ್ ನೋಡ್ಕೊಳೋ ಕಾಡು. ಮೊರೇಮಿ ಒಳಗೆ ರಸ್ತೆ ಬಿಟ್ಟು ಇಳಿಯೋ ಹಾಗಿಲ್ಲ, ಕತ್ತಲಾದ್ಮೇಲೆ ಓಡಾಡೋ ಹಾಗಿಲ್ಲ. ಸಿಂಹಕ್ಕೆ ಇದ್ರಿಂದ ಏನೂ ತೊಂದ್ರೆ ಇಲ್ಲ, ಅದು ರಸ್ತೆ ಮಧ್ಯೆನೇ ಬಿದ್ಕೊಂಡಿರುತ್ತೆ. ವೈಲ್ಡ್ ಡಾಗ್ ಹಾಗಲ್ಲ, ರಸ್ತೇಲಿ ಎರಡು ನಿಮಿಷ ಓಡಿ ಬಲಕ್ಕೆ ಪೊದೆ ಒಳಗೆ ನುಗ್ಗಿದ್ರೆ ಮುಗೀತು, ನೀವು ರಸ್ತೇಲೇ ನಿಂತ್ಕೊಂಡು ಧೂಳು ನೋಡ್ಬೇಕು. ಊರಿನೋರ ಕಡೆ ಕಾಡಲ್ಲಿ ಗೈಡ್ ಇದ್ರೆ ಗಾಡಿ ಇಳಿಸ್ಬಹುದು, ರಾತ್ರಿ ಡ್ರೈವೂ ಉಂಟು. ವೈಲ್ಡ್ ಡಾಗೇ ಮುಖ್ಯ ಅನ್ನೋರು ಬುಕ್ ಮಾಡೋ ಮೊದ್ಲು ಇದೊಂದನ್ನ ಕೇಳ್ಕೊಳಿ, ಟೆಂಟ್ ಎಷ್ಟು ದೊಡ್ಡದು ಅನ್ನೋದನ್ನ ಆಮೇಲೆ ಕೇಳಿ.

ಈಗ ಗೈಡ್. ಐವತ್ತರ ಆಸುಪಾಸು, ಆ ಕಡೆಯೋರೇ. ಅಲ್ಲಿ ದೊಡ್ಡೋರನ್ನ ರ್ರಾ ಅಂತಾರೆ, ನಾವೂ ರ್ರಾ ಅಂತಾನೇ ಕರೆದ್ವಿ, ಇಲ್ಲೂ ಹಾಗೇ ಬರೀತೀನಿ. ಮೊದಲ ಸಂಜೆ ಬೆಂಕಿ ಹತ್ರ ಕೂತಾಗ ನಾನು ಇಟಿನರಿ ತೆಗೆದು ಗೂಡು ಯಾವತ್ತು ಅಂತ ಕೇಳ್ದೆ. ಅವರು ಅದನ್ನ ಇಸ್ಕೊಂಡು ಟಾರ್ಚ್ ಹಾಕಿ ಓದಿ, ಮಡಚಿ ವಾಪಸ್ ಕೊಟ್ಟು, "ಇದನ್ನ ಬರೆದೋರು ನಾಯಿಗಳಿಗೂ ಒಂದು ಕಾಪಿ ಕಳ್ಸಿದ್ದಾರಾ?" ಅಂದ್ರು. ಭಾವ ಬಿದ್ದು ಬಿದ್ದು ನಕ್ರು. ನನಗೆ ನಗು ಬರ್ಲಿಲ್ಲ.

ಮೊದಲ ಎರಡು ದಿನ ನಾಯಿಯ ಬಾಲಾನೂ ಕಾಣ್ಲಿಲ್ಲ. ಆನೆ ಕಂಡ್ವು, ಹಿಪ್ಪೋ, ರೆಡ್ ಲೆಚ್ವೆ ಅನ್ನೋ ನೀರಲ್ಲೇ ಓಡೋ ಜಿಂಕೆ, ಭಾವನಿಗೆ ಬೇಕಾದ ಸಿಂಹ ಎರಡನೇ ದಿನ ಬೆಳಗ್ಗೆನೇ. ಅಂಗೋಲಾ ಕಡೆ ಬಿದ್ದ ಮಳೆ ನೀರು ಒಕವಾಂಗೋ ನದಿ ತುಂಬ್ಕೊಂಡು ಇಳಿದು ಬರೋದೇ ಈ ಚಳಿಗಾಲದಲ್ಲಿ (ಅಲ್ಲಿ ಜುಲೈ ಅಂದ್ರೆ ಚಳಿಗಾಲ), ಇಲ್ಲಿ ಮಳೆ ಇಲ್ದೆ ನೀರು ಏರೋದು, ಅದೂ ಒಂದು ವಿಚಿತ್ರಾನೇ. ಇವೆಲ್ಲಾ ಚೆನ್ನಾಗಿದ್ವು, ಆದ್ರೆ ನನ್ನ ಜೀವ ಎಲ್ಲಾ ನಾಯಿ ಕಡೆ.

ರ್ರಾ ಕೆಲಸ ಮಾಡೋ ರೀತಿ ಆ ಎರಡು ದಿನದಲ್ಲೇ ಗೊತ್ತಾಯ್ತು. ರೇಡಿಯೋ ಇದೆ, ಆದ್ರೆ ಅದನ್ನೇ ನಂಬ್ಕೊಂಡು ಕೂರಲ್ಲ. ಪ್ರತಿ ನೂರು ಮೀಟರಿಗೆ ಗಾಡಿ ಹೊರಗೆ ಬಾಗಿ ಮರಳು ನೋಡ್ತಾರೆ. ಹೈನಾದ ಹೆಜ್ಜೆ ಯಾವುದು, ನಾಯಿಯದ್ದು ಯಾವುದು ಅಂತ ತೋರ್ಸಿದ್ರು, ಹೈನಾದ್ದು ಮುಂಗಾಲು ದೊಡ್ಡದು ಹಿಂಗಾಲು ಸಣ್ಣದು, ನಾಯಿದು ಅಷ್ಟು ವ್ಯತ್ಯಾಸ ಇಲ್ಲ, ಉಗುರು ಎದ್ದು ಕಾಣುತ್ತೆ. "ಇದು ನಿನ್ನೆ ಸಂಜೆದು, ಮೇಲೆ ಗಿನಿಹಕ್ಕಿ ನಡೆದಿದೆ ನೋಡಿ" ಅಂದ್ರು. ಒಂದೊಂದು ಗುಂಪಿನ ಓಡಾಟ ನೂರಾರು ಚದರ ಕಿಲೋಮೀಟರ್, ನಿನ್ನೆ ಸಂಜೆ ಇಲ್ಲಿದ್ದೋವು ಇವತ್ತು ಎಲ್ಲೋ. ಹಾಗಿದ್ಮೇಲೆ ಗ್ಯಾರಂಟಿ ಅಂತ ಯಾವ ಬಾಯಲ್ಲಿ ಹೇಳ್ತಾರೋ.

ಮೂರನೇ ದಿನ ಬೆಳಗ್ಗೆ ಆರೂ ಮುಕ್ಕಾಲು. ಚಳಿ ಅಂದ್ರೆ ಹಲ್ಲು ಕಟಕಟ, ತೆರೆದ ಗಾಡಿ ಬೇರೆ, ತೊಡೆ ಮೇಲೆ ಬಿಸಿನೀರಿನ ಚೀಲ ಇಟ್ಕೊಂಡು ಕೂತಿದ್ವಿ. ಮೊಪಾನೆ ಮರಗಳ ಮಧ್ಯೆ ಇಂಪಾಲಾ ಅನ್ನೋ ಜಿಂಕೆಗಳ ಗುಂಪೊಂದು ಚೆಲ್ಲಾಪಿಲ್ಲಿ ಆಗಿ ನಾಲ್ಕೂ ದಿಕ್ಕಿಗೆ ಹಾರ್ತಾ ಇತ್ತು. ರ್ರಾ ಬ್ರೇಕ್ ಹಾಕಿ ಬೆರಳು ಎತ್ತಿದ್ರು ಅಷ್ಟೇ, ಎಡಗಡೆಯಿಂದ ಏಳು ನಾಯಿ ಒಂದ್ರ ಹಿಂದೆ ಒಂದು, ಏನೂ ಅವಸರ ಇಲ್ದಂಗೆ ಕುಣಿಕುಣಿಯೋ ನಡಿಗೇಲಿ ಗಾಡಿ ಮುಂದೆನೇ ದಾಟಿದ್ವು. ಬಾಲದ ತುದಿ ಬಿಳಿ, ಅದೊಂದೇ ಎಲ್ಲಕ್ಕೂ ಸಾಮಾನ್ಯ. ಉಳಿದಿದ್ದೆಲ್ಲಾ ಕಪ್ಪು, ಕಂದು, ಹಳದಿ, ಬಿಳಿ, ಒಂದರ ಚಿತ್ತಾರ ಇನ್ನೊಂದಕ್ಕಿಲ್ಲ, ಒಂದೇ ನಾಯಿಯ ಎಡಪಕ್ಕ ಬಲಪಕ್ಕನೂ ಒಂದೇ ತರ ಇರಲ್ಲ. ಸಂಶೋಧಕರು ಫೋಟೋ ಇಟ್ಕೊಂಡು ಇವನ್ನ ಗುರುತು ಹಿಡಿಯೋದು ಹೀಗೇ. ಕಿವಿ ಮಾತ್ರ ಅಗಲಕ್ಕೆ ಎರಡು ಸೌಟು ನಿಲ್ಲಿಸಿದ ಹಾಗೆ. ಒಂದು ನಾಯಿ ನಿಂತು ನಮ್ಮ ಟೈರ್ ಮೂಸಿ, ನಮ್ಮನ್ನ ನೋಡೂ ನೋಡ್ದೆ ಹೋಯ್ತು. ಆ ಹತ್ತು ಸೆಕೆಂಡ್‌ನಲ್ಲಿ ಮೂಗಿಗೆ ಬಡಿದ ವಾಸನೆ ಇದ್ಯಲ್ಲ, ಯಾವ ಫೋಟೋನೂ ಹೇಳಲ್ಲ ಅದನ್ನ. ಒದ್ದೆ ಗೋಣಿಚೀಲ, ಹಳೇ ಮಾಂಸ, ಏನೇನೋ ಸೇರಿದ ಗಾಟು. ಅಕ್ಕ ಸೆರಗಿಲ್ಲ ಅಂತ ಭಾವನ ಮಫ್ಲರ್ ಕಿತ್ಕೊಂಡ್ಲು.

ರ್ರಾ ಹೇಳಿದ ಪ್ರಕಾರ ಇವು ಏಳೂ ಗಂಡು, ಹುಟ್ಟಿದ ಗುಂಪು ಬಿಟ್ಟು ಹೊರಟ ಅಣ್ಣತಮ್ಮಂದಿರು, ಬೇರೆ ಗುಂಪಿನ ಹೆಣ್ಣುಗಳು ಸಿಗೋವರೆಗೆ ಹೀಗೇ ಅಲೀತಿರ್ತಾವೆ. ಗೂಡಿಲ್ಲ, ಮರಿ ಇಲ್ಲ, ಆದ್ರಿಂದ ಹಿಂಬಾಲಿಸಬಹುದು.

ಮುಂದಿನ ಭಾಗ ನಿಜವಾಗಿ ಓದ್ಕೊಂಡು ಹೋಗಿ, ಯಾಕಂದ್ರೆ ಯಾವ ಸಫಾರಿ ಕಂಪನಿನೂ ಇದನ್ನ ಹಾಕಲ್ಲ. ಒಂಬತ್ತೂವರೆಗೆ ಅವು ಒಂದು ದೊಡ್ಡ ಪೊದೆ ನೆರಳಲ್ಲಿ ಒಂದ್ರ ಮೇಲೊಂದು ಬಿದ್ಕೊಂಡು ನಿದ್ದೆ ಹೋದ್ವು. ಎದ್ದಿದ್ದು ಸಂಜೆ ಐದಕ್ಕೆ. ನಡುವೆ ಏನಾಯ್ತು ಅಂದ್ರೆ ಏನೂ ಆಗ್ಲಿಲ್ಲ. ಒಂದು ಕಿವಿ ಅಲ್ಲಾಡ್ತು. ಒಂದು ಎದ್ದು ಮೂತ್ರ ಮಾಡಿ ಬಂದು ಬೇರೆ ಕಡೆ ಮಲಗ್ತು. ಈ ಮಧ್ಯೆ ನಾಲ್ಕು ಗಾಡಿ ಬಂದು, ತಲಾ ಹತ್ತು ನಿಮಿಷ ನಿಂತು, ಫೋಟೋ ಹೊಡ್ಕೊಂಡು ಹೋದ್ವು. ಮಧ್ಯಾಹ್ನ ಕ್ಯಾಂಪಿಗೆ ಊಟಕ್ಕೆ ಹೋಗಿ ಬರೋಣ್ವಾ ಅಂತ ರ್ರಾ ಕೇಳಿದ್ರು, ನಾನು ಬೇಡ ಅಂದೆ, ಅಕ್ಕ ನನ್ನ ಮುಖ ನೋಡಿ ಸುಮ್ಮನಾದ್ಲು, ಭಾವ ಬಿಸ್ಕೆಟ್ ಪ್ಯಾಕ್ ಎಣಿಸೋಕೆ ಶುರು ಮಾಡಿದ್ರು. ಏಳೂವರೆ ತಾಸು ಗಾಡಿಯಲ್ಲಿ ಕೂತಿದ್ವಿ. ಇದು ನಿಮ್ಮ ಕೈಲಾಗಲ್ಲ ಅಂದ್ರೆ ದಯವಿಟ್ಟು ಈ ಸಫಾರಿಗೆ ಹೋಗ್ಬೇಡಿ, ನಿಮಗೂ ಕಷ್ಟ, ಅದೇ ಗಾಡೀಲಿ ಕೂತ ಬೇರೆಯೋರಿಗೂ ಕಷ್ಟ.

ಐದು ಗಂಟೆಗೆ ಒಂದು ಎದ್ದು ಮೈ ಮುರೀತು. ಆಮೇಲೆ ಇನ್ನೊಂದು. ನೋಡ್ತಾ ನೋಡ್ತಾ ಏಳೂ ಎದ್ದು ಒಂದರ ಬಾಯಿ ಇನ್ನೊಂದು ನೆಕ್ಕೋದು, ತಲೆ ತಗ್ಗಿಸಿ ಬಾಲ ಎತ್ತಿ ಸುತ್ತೋದು, ಹಕ್ಕಿಗಳ ತರ ಚಿಲಿಪಿಲಿ ಅನ್ನೋ ಸದ್ದು, ಬೊಗಳೋದಲ್ಲ, ನಿಜವಾಗ್ಲೂ ಚಿಲಿಪಿಲಿನೇ. ಆಗ ರ್ರಾ ಪಿಸುಮಾತಲ್ಲಿ "ಸೀನು ಎಣಿಸಿ" ಅಂದ್ರು. ನಾನು ತಪ್ಪು ಕೇಳಿಸ್ಕೊಂಡೆ ಅಂದ್ಕೊಂಡೆ. ಇಲ್ಲ, ಸೀನೇ. ಮೂಗಿಂದ ಪ್ಸು ಪ್ಸು ಅಂತ ಗಾಳಿ ಬಿಡ್ತವೆ. ಇದೇ ಒಕವಾಂಗೋ ಭಾಗದ ಗುಂಪುಗಳನ್ನ ನೋಡಿ 2017ರಲ್ಲಿ ಬಂದ ಅಧ್ಯಯನ ಇದೆ, ಎದ್ದು ಕುಣಿದ ಗುಂಪು ನಿಜವಾಗಿ ಬೇಟೆಗೆ ಹೊರಡುತ್ತಾ ಇಲ್ಲಾ ವಾಪಸ್ ಮಲಗುತ್ತಾ ಅನ್ನೋದು ಎಷ್ಟು ಸೀನು ಬಿದ್ವು ಅನ್ನೋದಕ್ಕೆ ಹೊಂದ್ಕೊಂಡಿರುತ್ತೆ. ಯಜಮಾನ ನಾಯಿಗಳು ಶುರು ಮಾಡಿದ್ರೆ ಮೂರು ಸೀನು ಸಾಕು, ಚಿಲ್ಲರೆ ನಾಯಿ ಶುರು ಮಾಡಿದ್ರೆ ಸುಮಾರು ಹತ್ತು ಬೇಕು. ನಾನು ಎಣಿಸಿದ್ದು ಎಂಟು, ಅಕ್ಕ ಹನ್ನೊಂದು ಅಂದ್ಲು, ಭಾವ ಅದರಲ್ಲಿ ಎರಡು ನಂದು ಅಂದ್ರು, ಧೂಳಿಗೆ ಅವರೂ ಸೀನಿದ್ರಂತೆ. ಅವರ ವೋಟೂ ಸೇರಿಯೋ ಏನೋ, ಹೊರಟೇ ಬಿಟ್ವು.

ಹೊರಟ ಮೇಲಿನದ್ದು ವಿವರಿಸೋಕೆ ಕಷ್ಟ, ಯಾಕಂದ್ರೆ ಅರ್ಧ ಕಾಣ್ಲೇ ಇಲ್ಲ. ಎರಡು ನಿಮಿಷ ಓಟದ ನಡಿಗೆ, ಆಮೇಲೆ ಒಂದು ಇಂಪಾಲಾ ಎದ್ದು ಓಡ್ತು, ಏಳೂ ಏಳು ಕಡೆ ಚದುರಿದ್ವು. ರ್ರಾ ಗಾಡಿ ಪೊದೆಗಳ ಮಧ್ಯೆ ನುಗ್ಗಿಸಿದ್ರು, ಕೊಂಬೆ ಮುಖಕ್ಕೆ ಬಡೀತಾ ಇತ್ತು, ನನ್ನ ಟೊಪ್ಪಿ ಹೋಯ್ತು, ಇನ್ನೂ ಖ್ವಾಯ್‌ನಲ್ಲೇ ಇದೆ. ಒಂದು ಮೂರು ನಿಮಿಷ ಅಷ್ಟೇ. ನೆಲ ತಗ್ಗಾಗಿ ಎಳೇ ಮರಗಳು ದಟ್ಟ ಆಗ್ತಿದ್ದ ಹಾಗೆ ಅವರು ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡ್ಬಿಟ್ರು. ನಾನು ಮುಂದೆ ಹೋಗಿ ಹೋಗಿ ಅಂತ ಸೀಟು ಬಡೀತಿದ್ದೀನಿ. "ನಾವು ಓಡಿಸಿದ್ರೆ ಇಂಪಾಲಾ ನಮ್ಮ ಸದ್ದಿಗೆ ತಿರುಗುತ್ತೆ, ಆಗ ನಾವೂ ಬೇಟೆಗೆ ಸೇರಿದ ಹಾಗೆ, ಯಾರ ಕಡೆ ಅಂತ ಗೊತ್ತಿಲ್ದೆ" ಅಂದ್ರು. ಆಮೇಲೆ ಕಿವಿ ಕೊಟ್ಟು ಕೂತ್ರು.

ಆ ಕಂಪನಿ ಬ್ರೋಷರ್‌ನಲ್ಲಿ ಹತ್ತಕ್ಕೆ ಎಂಟು ಬೇಟೆ ಗೆಲ್ಲೋ ಪ್ರಾಣಿ ಅಂತ ಬರೆದಿದೆ. ಎಲ್ಲಾ ಕಡೆ ಹೀಗೇ ಬರೀತಾರೆ. ಆದ್ರೆ ಇದೇ ಒಕವಾಂಗೋ ಸೀಮೆಯಲ್ಲಿ ಆರು ನಾಯಿಯ ಒಂದು ಗುಂಪಿಗೆ ಪೂರ್ತಿ, ಓಡಾಟ ದಾಖಲಿಸೋ ಕಾಲರ್ ಹಾಕಿ ಮಾಡಿದ ಅಧ್ಯಯನ 2016ರಲ್ಲಿ ಬಂತು, ಒಂದೊಂದು ನಾಯಿಯ ಒಂದೊಂದು ಓಟ ಲೆಕ್ಕ ಹಾಕಿದ್ರೆ ಗೆಲುವು ಸುಮಾರು 15 ಪರ್ಸೆಂಟ್. ಪೊದೆಕಾಡಲ್ಲಿ ಉದ್ದಕ್ಕೆ ಸೇರಿ ಅಟ್ಟಿಸ್ಕೊಂಡು ಹೋಗೋದೂ ಕಮ್ಮಿ, ಸಣ್ಣ ಸಣ್ಣ ಓಟ, ಬಹಳ ಸಲ ಪ್ರಯತ್ನ, ಒಂದಕ್ಕೆ ಸಿಕ್ಕಿದ್ದು ಎಲ್ಲಕ್ಕೂ ಊಟ. ಗುಂಪಾಗಿ ಬದುಕೋದ್ರ ಲಾಭ ಅಲ್ಲಿದೆ ಅಂತಾಯ್ತು. ನಾವು ಕಣ್ಣಾರೆ ಕಂಡಿದ್ದೂ ಅದೇ, ಏಳು ಓಡಿದ್ವು, ಸಿಕ್ಕಿದ್ದು ಒಂದಕ್ಕೆ.

ಹತ್ತು ನಿಮಿಷ ಆದ್ಮೇಲೆ ದೂರದಲ್ಲಿ ಹೂ... ಹೂ... ಅಂತ ಗೂಬೆ ಕೂಗಿದಂಗೆ ಮೆತ್ತಗೆ ಸದ್ದು. ಚದುರಿದೋವು ಒಂದನ್ನೊಂದು ಕರೆಯೋದು ಹೀಗೆ. ರ್ರಾ ಆ ಕಡೆ ನಿಧಾನಕ್ಕೆ ಸುತ್ತು ಹಾಕ್ಕೊಂಡು ಹೋದ್ರು, ಹೋಗೋಷ್ಟರಲ್ಲಿ ಇಂಪಾಲಾ ಅರ್ಧ ಖಾಲಿ. ಅಕ್ಕ ಕಣ್ಣು ಮುಚ್ಕೊಂಡ್ಲು. ಎಷ್ಟು ಬೇಗ ಅಂದ್ರೆ ನಾಯಿಗಳು ಜಗಳಾನೂ ಆಡ್ಲಿಲ್ಲ, ಎಳೆಯೋದು ನುಂಗೋದು ಎಳೆಯೋದು ನುಂಗೋದು. ಕೊನೆಗೆ ಬಂದದ್ದು ಹಿಂಗಾಲು ಕುಂಟೋ ಒಂದು ನಾಯಿ, ಬೆಳಗ್ಗೆ ಸಾಲಲ್ಲಿ ಅದೇ ಕೊನೆಗಿತ್ತು ಅಂತ ಫೋಟೋ ನೋಡಿದಾಗ ಗೊತ್ತಾಯ್ತು. ಅದೇನೂ ಹಿಡಿದಿಲ್ಲ, ಆದ್ರೂ ಮೂತಿ ಒಳಗೆ ತೂರಿಸಿದ ತಕ್ಷಣ ಎರಡು ಪಕ್ಕಕ್ಕೆ ಸರ್ಕೊಂಡ್ವು. ಭಾವ ಆಗ ಏನೂ ಮಾತಾಡ್ಲಿಲ್ಲ. ಅಷ್ಟರಲ್ಲಿ ಎರಡು ಹೈನಾ ಬಂದ್ವು, ಏಳೂ ಸೇರಿ ಹಿಂದಿನಿಂದ ಕಚ್ಚಿ ಕಚ್ಚಿ ಅವನ್ನ ಕೂರಿಸಿದ್ವು, ಹೈನಾ ಕೂತ್ರೆ ಹಿಂಭಾಗ ಉಳೀತು ಅಂತ ಲೆಕ್ಕ. ಕೊನೆಗೆ ತಲೆ ಮತ್ತೆ ಚರ್ಮ ಹೈನಾಗೇ ಆಯ್ತು. ಅಷ್ಟೊತ್ತಿಗೆ ಕತ್ತಲು. ಸ್ಪಾಟ್‌ಲೈಟ್ ಹಾಕಿ ನಾಯಿ ಹಿಂದೆ ಹೋಗ್ಬಹುದಿತ್ತು, ಪರ್ಮಿಶನ್ ಇದೆ, ರ್ರಾ ಹಾಕ್ಲಿಲ್ಲ, ಬೆಳಕು ಬಿದ್ರೆ ಸಿಂಹಕ್ಕೆ ಇವು ಎಲ್ಲಿವೆ ಅಂತ ನಾವೇ ತೋರಿಸಿದ ಹಾಗೆ ಅಂತ. ವೈಲ್ಡ್ ಡಾಗ್‌ನ ಕೊಲ್ಲೋ ಕಾಡುಪ್ರಾಣಿಗಳಲ್ಲಿ ಸಿಂಹದ್ದೇ ದೊಡ್ಡ ಪಾಲು. ತಿನ್ನೋಕೂ ಅಲ್ಲ, ಸುಮ್ಮನೆ ಕೊಂದು ಬಿಟ್ಟು ಹೋಗುತ್ತೆ.

ಅಂದ್ರೆ ಗ್ಯಾರಂಟಿಯ ಮೊದಲ ಅರ್ಧ ಪೂರ್ತಿ ಸಿಕ್ತು. ಎರಡನೇ ಅರ್ಧ, ಗೂಡು.

ನಾಲ್ಕನೇ ದಿನ ಸಂಜೆ ನದಿಯಿಂದ ದೂರ ಇನ್ನೊಂದು ಗುಂಪು ಸಿಕ್ತು, ಒಂಬತ್ತು. ಬೇಟೆ ಮುಗಿಸಿ ಬರ್ತಿದ್ದೋವು, ಹೊಟ್ಟೆ ಡೋಲು, ಮೂತಿ ಕತ್ತು ಎಲ್ಲಾ ಕೆಂಪು, ಒಂದು ಕ್ಷಣಾನೂ ನಿಲ್ಲದೆ ಒಂದೇ ದಿಕ್ಕಿಗೆ ಸಾಲಾಗಿ ಓಡ್ತಿದ್ವು. ಮನೆಗೆ ಹೋಗ್ತಿದ್ವು ಅಂತ ನನಗೂ ಅರ್ಥ ಆಯ್ತು. ಮೇ ಕೊನೆಯಿಂದ ಆಗಸ್ಟ್‌ವರೆಗೆ ಆ ಕಡೆ ಮರಿಗಳ ಕಾಲ, ಆರ್ಡ್‌ವಾರ್ಕ್ ಅನ್ನೋ ಪ್ರಾಣಿ ತೋಡಿಟ್ಟ ಹಳೇ ಬಿಲದಲ್ಲಿ ಯಜಮಾನಿ ನಾಯಿ ಹತ್ತರಷ್ಟು ಮರಿ ಹಾಕಿರುತ್ತೆ, ಒಂದು ನಾಯಿ ಕಾವಲಿಗೆ ಉಳಿಯುತ್ತೆ, ಉಳಿದೋವು ಹೊಟ್ಟೆ ತುಂಬ್ಕೊಂಡು ಬಂದು ಮರಿಗಳ ಮುಂದೆ, ತಾಯಿ ಮುಂದೆ, ಕಾವಲು ಕೂತೋರ ಮುಂದೆ ಕಕ್ಕುತ್ತವೆ. ಅದನ್ನ ನೋಡ್ಬೇಕು ಅಂತಾನೇ ನಾನು ಜುಲೈ ಆರಿಸಿದ್ದು, ದುಡ್ಡು ಕೊಟ್ಟಿದ್ದೂ ಅದಕ್ಕೇ.

ಒಂದು ಇನ್ನೂರು ಮೀಟರ್ ಅವುಗಳ ಪಕ್ಕ ಹೋದ್ವಿ. ಒಂದು ಒಣ ಹಳ್ಳದ ಹತ್ರ ರ್ರಾ ನಿಲ್ಲಿಸ್ಬಿಟ್ರು. ನಾಯಿಗಳು ಹಳ್ಳ ದಾಟಿ ಆ ಕಡೆ ಹತ್ತಿದ್ವು, ಬಿಳಿ ಬಾಲಗಳು ಮಾತ್ರ ಹುಲ್ಲಲ್ಲಿ ಒಂದು ಎರಡು ಮೂರು ಅಂತ ಮಿಂಚಿ ಮಾಯ. ಇಲ್ಲಿಂದ ಮುಂದೆ ಇಲ್ಲ, ಅಂದ್ರು. ನಮ್ಮ ಹಿಂದೆ ಬರ್ತಿದ್ದ ಬೇರೆ ಕಂಪನಿಯ ಎರಡು ಗಾಡಿ ನಮ್ಮನ್ನ ದಾಟ್ಕೊಂಡು ಹಳ್ಳ ಇಳಿದು ಹೋದ್ವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಟಿನರಿ ತೆಗೆದು ತೋರ್ಸಿದೆ, ಇದರಲ್ಲಿ ಬರೆದಿದೆ, ಅವರು ಹೋಗ್ತಿದ್ದಾರೆ, ನಾವ್ಯಾಕೆ ಹೋಗ್ಬಾರ್ದು ಅಂತ ಸ್ವಲ್ಪ ಜೋರಾಗೇ ಕೇಳ್ದೆ. ಅಕ್ಕ "ಸುಮ್ನಿರೋ" ಅಂತ ಮೊಣಕೈಯಿಂದ ತಿವಿದ್ಲು. ರ್ರಾ ಬೇಜಾರೂ ಮಾಡ್ಕೊಳ್ಲಿಲ್ಲ, ಕ್ಷಮೆನೂ ಕೇಳ್ಲಿಲ್ಲ. ಥರ್ಮಾಸ್ ತೆಗೆದು ಟೀ ಬಗ್ಗಿಸ್ತಾ ಹೇಳಿದ್ರು, ಹುಲ್ಲು ಮುರಿದು ಗಾಡಿ ಒಂದು ಸಲ ಹೋದ್ರೆ ಅದು ದಾರಿ ಆಗುತ್ತೆ, ಸಿಂಹ ಹೈನಾ ಎಲ್ಲವೂ ನಡೆಯೋಕೆ ಸುಲಭ ಅಂತ ಗಾಡಿ ದಾರೀಲೇ ನಡೀತವೆ, ಆ ದಾರಿ ನೇರ ಬಿಲದ ಬಾಯಿಗೆ ಹೋಗಿ ನಿಲ್ಲೋ ಹಾಗೆ ಮಾಡೋರು ನಾವು. ಇನ್ನೊಂದು, ಜನ ಜಾಸ್ತಿ ಆದ್ರೆ ತಾಯಿ ಮರಿಗಳನ್ನ ಕಚ್ಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತೆ, ಒಂದೊಂದಾಗಿ, ಹತ್ತು ಸಲ ಓಡಾಡ್ಬೇಕು. ಅವರು ಚಿಕ್ಕವರಿದ್ದಾಗ ಬಿಲದ ಹತ್ರ ಜನರನ್ನ ಕರ್ಕೊಂಡು ಹೋಗಿದ್ರಂತೆ. "ಹೋಗಿದ್ದೀನಿ, ಅದಕ್ಕೇ ಹೋಗಲ್ಲ" ಅಂದು ಕಪ್ ಕೈಗೆ ಕೊಟ್ರು.

ಆಗ ಒಪ್ಕೊಂಡೆ ಅಂತ ಸುಳ್ಳು ಹೇಳಲ್ಲ. ಆ ರಾತ್ರಿ ಊಟಕ್ಕೂ ಮುಖ ಊದಿಸ್ಕೊಂಡೇ ಕೂತಿದ್ದೆ. ಹಳ್ಳದ ಆಚೆಯಿಂದ ಮಾತ್ರ ಒಂದು ಸದ್ದು ಬಂತು, ಟೀ ಕುಡೀತಿದ್ದಾಗ. ಸಣ್ಣ ಸಣ್ಣ ಧ್ವನಿ, ಬಹಳ, ಒಂದ್ರ ಮೇಲೊಂದು, ಗುಬ್ಬಿ ಗೂಡಿಗೆ ತಾಯಿ ಬಂದಾಗ ಬರುತ್ತಲ್ಲ ಹಾಗೆ. ಒಂದೆರಡು ನಿಮಿಷ. ಆಮೇಲೆ ಆ ಎರಡು ಗಾಡಿಗಳ ಎಂಜಿನ್ ಸದ್ದು ಅದನ್ನ ಮುಚ್ಚಿಹಾಕ್ತು, ಮತ್ತೆ ಕೇಳ್ಲಿಲ್ಲ. ಮರಿಗಳನ್ನ ನಾನು ನೋಡಿಲ್ಲ, ಕೇಳಿದ್ದೀನಿ. ಹುಟ್ಟಿದಾಗ ಬರೀ ಕಪ್ಪು ಬಿಳಿ ಇರ್ತವಂತೆ, ಹಳದಿ ಕಂದು ಆಮೇಲೆ ಬರೋದು.

ಈಗ ನನ್ನ ಲೆಕ್ಕ ಇಷ್ಟೇ, ರ್ರಾ ಮಾಡಿದ್ದು ಸರಿ, ಅವರು ಮಾಡಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ ಅದನ್ನ ಮಾರಿದ ಆಫೀಸು ತಪ್ಪು. ಗೂಡಿನ ಆಸೆ ತೋರಿಸಿ ದುಡ್ಡು ಇಸ್ಕೊಂಡು, ಕಾಡಲ್ಲಿ ಇಲ್ಲ ಅನ್ನೋ ಕೆಲಸ ಗೈಡಿಗೆ ಬಿಟ್ರೆ, ಟಿಪ್ಸ್ ಕೈ ಬಿಟ್ಟು ಹೋಗೋದು ಅವರದ್ದು, ಗಿರಾಕಿ ಕೂಗಾಡೋದು ಅವರ ಮೇಲೆ. ಒತ್ತಡ ತಡೀಲಾರ್ದ ಗೈಡುಗಳು ಹಳ್ಳ ಇಳೀತಾರೆ. ಆ ಎರಡು ಗಾಡಿಯಲ್ಲಿ ಕೂತೋರ ಕೈಲೂ ನನ್ನ ತರದ್ದೇ ಒಂದು ಇಟಿನರಿ ಇದ್ದಿರ್ಬೇಕು.

ಉಳಿದ ಸೌಕರ್ಯ ಬೇಗ ಹೇಳಿ ಮುಗಿಸ್ತೀನಿ. ಟೆಂಟು ಗಟ್ಟಿ, ಮಂಚ ಹಾಸಿಗೆ ಸರಿ ಇತ್ತು, ಬೇಲಿ ಇಲ್ಲ, ಎರಡನೇ ರಾತ್ರಿ ಆನೆ ಟೆಂಟ್ ಪಕ್ಕದ ಮರ ಅಲ್ಲಾಡಿಸಿ ಕಾಯಿ ಉದುರಿಸ್ಕೊಂಡು ತಿಂತು, ಭಾವ ಆ ರಾತ್ರಿ ನಿದ್ದೆ ಮಾಡಿಲ್ಲ. ಸ್ನಾನ ಅಂದ್ರೆ ಮರಕ್ಕೆ ನೇತಾಕಿದ ಬಕೆಟ್‌ನಿಂದ ಬಿಸಿನೀರು, ಒಬ್ರಿಗೆ ಒಂದು ಬಕೆಟ್, ಸಂಜೆ ಹೊತ್ತಲ್ಲೇ ಮಾಡ್ಬೇಕು ಇಲ್ಲಾಂದ್ರೆ ಗಡಗಡ. ಟಾಯ್ಲೆಟ್ ಗುಂಡಿ ತೋಡಿ ಮೇಲೆ ಸೀಟು ಇಟ್ಟಿದ್ದು, ಕ್ಲೀನಾಗಿತ್ತು. ಅಕ್ಕ ಸಸ್ಯಾಹಾರಿ ಅಂತ ಮೂರು ಸಲ ಮೇಲ್ ಮಾಡಿದ್ರೂ ಆಫೀಸು ಅಡುಗೆಯವ್ರಿಗೆ ಹೇಳೇ ಇರ್ಲಿಲ್ಲ, ಇನ್ನೊಂದು ಮೈನಸ್. ಅಡುಗೆಯವ್ರು ಅಲ್ಲೇ ಸುಧಾರಿಸಿದ್ರು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತರದ್ದು, ಪಾಲಿಚೆ ಅಂತಾರೆ, ಜೊತೆಗೆ ಮೊರೋಗೊ ಅನ್ನೋ ಸೊಪ್ಪು ಬೇಯಿಸಿದ್ದು. ಅಕ್ಕ ಎರಡು ಸಲ ಹಾಕಿಸ್ಕೊಂಡ್ಲು.

ಗಾಡಿ ಹಳೇ ಲ್ಯಾಂಡ್ ಕ್ರೂಸರ್, ಮೂರು ಸಾಲು. ಒಂದು ಸಾಲಿಗೆ ಇಬ್ಬರೇ ಅಂತ ಲೆಟರ್‌ನಲ್ಲಿತ್ತು, ಅದನ್ನ ಪಾಲಿಸಿದ್ರು. ಮಧ್ಯದ ಸೀಟಲ್ಲಿ ಕೂರಿಸೋ ಕಂಪನಿ ಆದ್ರೆ ಬೇಡ, ನಾಯಿ ಯಾವ ಕಡೆಯಿಂದ ಬರುತ್ತೋ ಹೇಳೋಕಾಗಲ್ಲ, ಬಂದ್ರೆ ನಿಮಗೆ ಕಾಣೋದು ಪಕ್ಕದೋರ ಕಿವಿ. ಕ್ಯಾಮೆರಾಗೆ ದೊಡ್ಡ ಲೆನ್ಸ್ ಇದ್ರೆ ಒಳ್ಳೇದೇ, ಆದ್ರೆ ನಾಯಿಗಳು ಗಾಡಿಯನ್ನ ಲೆಕ್ಕಕ್ಕೇ ಇಟ್ಕೊಳಲ್ಲ, ಹತ್ರ ಬರ್ತವೆ, ನನ್ನ ಒಳ್ಳೇ ಫೋಟೋಗಳಲ್ಲಿ ಅರ್ಧ ಫೋನಲ್ಲಿ ತೆಗೆದಿದ್ದು. ಬೈನಾಕ್ಯುಲರ್ ಮಾತ್ರ ತಲೆಗೊಂದು ಇರ್ಲಿ, ಹಂಚ್ಕೊಳೋಣ ಅಂದ್ಕೊಂಡು ಹೋದ್ರೆ ಜಗಳ ಆಗುತ್ತೆ, ನಮ್ಮಲ್ಲಿ ಆಯ್ತು. ಉಣ್ಣೆ ಟೊಪ್ಪಿ, ಗ್ಲೌಸ್ ಎರಡೂ ಬೇಕು, ಆಫ್ರಿಕಾ ಅಂದ್ರೆ ಸೆಕೆ ಅಂದ್ಕೊಂಡು ಹೋಗ್ಬೇಡಿ.

ಇದೇ ಜಾಗ ಬೇಕು ಅಂತೇನಿಲ್ಲ. ಜಿಂಬಾಬ್ವೆಯ ಮಾನಾ ಪೂಲ್ಸ್‌ನಲ್ಲಿ ನಡ್ಕೊಂಡೇ ಹೋಗಿ ನೋಡೋ ಅವಕಾಶ ಇದೆ, ನಮ್ಮ ಭಾವನಂಥೋರಿಗೆ ಅದು ಆಗಲ್ಲ. ಜಾಂಬಿಯಾದ ಸೌತ್ ಲುವಾಂಗ್ವಾಗೂ ಹೆಸರಿದೆ. ಸ್ವಂತ ಗಾಡಿ ಓಡಿಸ್ಕೊಂಡು ಕಮ್ಮಿ ಖರ್ಚಲ್ಲಿ ಅಂದ್ರೆ ಸೌತ್ ಆಫ್ರಿಕಾದ ಕ್ರೂಗರ್, ಅದೃಷ್ಟ ಇದ್ರೆ ಟಾರು ರಸ್ತೆ ಮೇಲೇ ಮಲಗಿರ್ತವೆ, ಇಲ್ಲಾಂದ್ರೆ ವಾರ ತಿರುಗಿದ್ರೂ ಇಲ್ಲ. ಜಿಂಬಾಬ್ವೆಗೆ ಹೋಗೋರು ಹ್ವಾಂಗೆ ಪಾರ್ಕ್ ಹತ್ರ ಪೇಂಟೆಡ್ ಡಾಗ್ ಕನ್ಸರ್ವೇಶನ್ ಅನ್ನೋರ ಸೆಂಟರ್ ಇದೆ, ನೋಡಿ ಬನ್ನಿ. ಕಾಡಲ್ಲಿ ಜಿಂಕೆಗೆ ಅಂತ ಕಟ್ಟೋ ತಂತಿ ಉರುಳಲ್ಲಿ ಈ ನಾಯಿಗಳು ಸಿಕ್ಕಿ ಸಾಯ್ತವೆ, ಅವರ ಜನ ದಿನಾ ನಡೆದು ಆ ತಂತಿ ಕಿತ್ತು ತರ್ತಾರೆ, ಅದೇ ತಂತಿಯಲ್ಲಿ ಗೊಂಬೆ ಮಾಡಿ ಮಾರ್ತಾರೆ. ಉರುಳು, ರಸ್ತೆ, ಊರು ನಾಯಿಗಳಿಂದ ಬರೋ ರೇಬೀಸ್, ಡಿಸ್ಟೆಂಪರ್ ಅನ್ನೋ ನಾಯಿ ರೋಗ, ಇವೆಲ್ಲದರ ಮುಂದೆ ನನ್ನ ಇಟಿನರಿ ಗೋಳು ಸಣ್ಣದೇ ಅಂತ ಗೊತ್ತು, ಆದ್ರೂ ರಿವ್ಯೂ ಅಂದ್ಮೇಲೆ ಬರೀಲೇಬೇಕು.

ಬಂದ್ಮೇಲೆ ಆಫೀಸಿಗೆ ಬರೆದೆ. ಅವರು ಮೊದ್ಲು ಗೈಡ್ ಸರಿಯಾಗಿ ಮಾಡಿಲ್ವಾ, ಅವರ ಮೇಲೆ ಕ್ರಮ ತಗೋತೀವಿ ಅಂದ್ರು, ನನಗೆ ಹೊಟ್ಟೆ ಉರಿದು ಹೋಯ್ತು, ಗೈಡ್ ಮಾಡಿದ್ದೇ ಸರಿ, ನೀವು ಬರೆದಿದ್ದೇ ತಪ್ಪು ಅಂತ ಮತ್ತೆ ಎರಡು ಪುಟ ಬರೆದೆ. ಅರ್ಧ ದಿನದ ದುಡ್ಡು ವಾಪಸ್ ಕೊಡ್ತೀವಿ, ಆ ಸಾಲು ತೆಗೀತೀವಿ ಅಂತ ಉತ್ತರ ಬಂತು. ದುಡ್ಡು ಇನ್ನೂ ಬಂದಿಲ್ಲ. ಇದನ್ನ ಬರೆಯೋ ಮೊದ್ಲು ಅವರ ಪೇಜ್ ತೆಗೆದು ನೋಡ್ದೆ. ಗೂಡಿಗೆ ಭೇಟಿ ಅನ್ನೋದು ಹಾಗೇ ಇದೆ, ಪಕ್ಕದಲ್ಲಿ ಫೋಟೋ ಮಾತ್ರ ಹೊಸದು, ನಾನು ಕಳ್ಸಿದ್ದು, ಕುಂಟೋ ನಾಯಿಯದ್ದು.